ಹೇಳಿದ ಟೈಮಿಗೆ ಬರದೇ ಹೋದ ಧೂಮಕೇತು (ಧೂಮಕೇತು ಸರಣಿ, ಭಾಗ 3)

ಯಾವಾಗಲೂ ಹೇಳಿದ ಟೈಮಿಗೆ ಬರೋ ಫ್ರೆಂಡ್ ಒಂದು ದಿನ ಬರಲೇ ಇಲ್ಲ ಅಂದ್ರೆ ಗಾಬರಿ ಆಗುತ್ತೆ ಅಲ್ವಾ? 1866ರಲ್ಲಿ ಖಗೋಳ ವಿಜ್ಞಾನಿಗಳಿಗೆ ಆಗಿದ್ದೂ ಅದೇ. ಅವರು ಕಾಯ್ತಿದ್ದದ್ದು ಬಿಯೆಲಾ ಧೂಮಕೇತುವಿಗೆ.

1️⃣ 1826ರಲ್ಲಿ ಆಸ್ಟ್ರಿಯಾದ ಸೇನಾಧಿಕಾರಿ ವಿಲ್ಹೆಲ್ಮ್ ಫಾನ್ ಬಿಯೆಲಾ ಇದನ್ನು ಕಂಡರು. ಲೆಕ್ಕ ಹಾಕಿ ನೋಡಿದ್ರೆ 1772 ಮತ್ತು 1805ರಲ್ಲಿ ಬಂದಿದ್ದೂ ಇದೇ! ಸೂರ್ಯನನ್ನು ಒಂದು ಸುತ್ತು ಹಾಕೋಕೆ ಸುಮಾರು 6.6 ವರ್ಷ. 1832ರಲ್ಲಿ ಇದು ಭೂಮಿಯ ಕಕ್ಷೆಯನ್ನು ದಾಟುತ್ತೆ ಅಂತ ಗೊತ್ತಾದಾಗ, ಡಿಕ್ಕಿ ಹೊಡೆಯುತ್ತೆ ಅಂತ ಯುರೋಪಿನಲ್ಲಿ ಜನ ಹೆದರಿದ್ರು. ಆದರೆ ಭೂಮಿ ಆ ಜಾಗಕ್ಕೆ ಬಂದಿದ್ದು ಒಂದು ತಿಂಗಳ ನಂತರ.

2️⃣ 1846ರ ಜನವರಿ. ದೂರದರ್ಶಕದಲ್ಲಿ ಒಂದರ ಬದಲು ಎರಡು! ಕೇಂಬ್ರಿಡ್ಜ್‌ನ ಜೇಮ್ಸ್ ಚಾಲಿಸ್ ಮೊದಲು ತಮ್ಮ ಕಣ್ಣನ್ನೇ ನಂಬಲಿಲ್ಲ. 1852ರಲ್ಲಿ ಜೋಡಿಯಾಗಿಯೇ ಮರಳಿದವು, ನಡುವಿನ ಅಂತರ 20 ಲಕ್ಷ ಕಿಲೋಮೀಟರಿಗೂ ಹೆಚ್ಚು. 1866ರಲ್ಲಿ ಎಷ್ಟು ಹುಡುಕಿದ್ರೂ ಒಂದೂ ಸಿಗಲಿಲ್ಲ.

3️⃣ ಯಾಕೆ ಹೀಗೆ? ಧೂಮಕೇತು ಅಂದ್ರೆ ಸುಮಾರು 460 ಕೋಟಿ ವರ್ಷಗಳ ಹಿಂದೆ, ಸೌರಮಂಡಲ ಹುಟ್ಟುವಾಗ ಉಳಿದ ಹಿಮ ಮತ್ತು ಧೂಳಿನ ಸಡಿಲ ಗಡ್ಡೆ. ದೂರದ ಚಳಿಯಲ್ಲಿದ್ದಷ್ಟು ದಿನ ಹೆಚ್ಚೇನೂ ಬದಲಾಗಲ್ಲ. ಸೂರ್ಯನ ಹತ್ತಿರ ಬಂದಾಗ ಹಿಮ ಆವಿಯಾಗುತ್ತೆ, ಧೂಳು ಹಾರುತ್ತೆ, ಕೆಲವು ಒಡೆದೂ ಹೋಗ್ತವೆ. ನಾವು ಬೆರಗಿನಿಂದ ನೋಡೋ ಬಾಲ ಅದರ ಸವೆತವೇ. ಹಿಮವೆಲ್ಲ ಮುಗಿದು ಬರೀ ಕಪ್ಪು ಕಲ್ಲಿನಂತೆ ಉಳಿಯೋವೂ ಇವೆ.

4️⃣ 1872ರ ನವೆಂಬರ್ 27. ಭೂಮಿ ಬಿಯೆಲಾದ ಹಾದಿಯನ್ನು ದಾಟಿದ ರಾತ್ರಿ ಯುರೋಪಿನ ಆಕಾಶದಲ್ಲಿ ಗಂಟೆಗೆ ಸಾವಿರಾರು ಉಲ್ಕೆಗಳು! ಜರ್ಮನಿಯ ಕ್ಲಿಂಕರ್‌ಫ್ಯೂಸ್ ತಕ್ಷಣ ನಮ್ಮ ಪಕ್ಕದ ಮದ್ರಾಸ್ ವೀಕ್ಷಣಾಲಯಕ್ಕೆ ತಂತಿ ಕಳಿಸಿದ್ರು: ಧೂಮಕೇತು ಈಗ ದಕ್ಷಿಣದ ಆಕಾಶದಲ್ಲಿರಬೇಕು, ಹುಡುಕಿ ಅಂತ. ಅಲ್ಲಿದ್ದ ನಾರ್ಮನ್ ಪಾಗ್ಸನ್‌ಗೆ ಡಿಸೆಂಬರ್ ಮೊದಲ ವಾರ ಒಂದು ಧೂಮಕೇತು ಸಿಕ್ಕಿತು ಕೂಡ. ಆದರೆ ಲೆಕ್ಕ ಹೊಂದಲಿಲ್ಲ, ಅದು ಬಿಯೆಲಾ ಅಲ್ಲ.

ಬಿಯೆಲಾ ಮತ್ತೆ ಬರಲೇ ಇಲ್ಲ. ಆ ರಾತ್ರಿ ಉರಿದದ್ದು ಅದರದ್ದೇ ಧೂಳು. ಪ್ರತಿ ಸಲ ತಪ್ಪದೇ ಬಂದದ್ದೇ ಅದನ್ನು ಸವೆಸಿತ್ತು.

ಮೇ ಮತ್ತು ಅಕ್ಟೋಬರ್‌ನಲ್ಲಿ ಹ್ಯಾಲಿ ಧೂಮಕೇತು ಬಿಟ್ಟುಹೋದ ಧೂಳೂ ಹೀಗೇ ಉರಿಯುತ್ತೆ. ಬೆಳಗಿನ ಜಾವ ಟೆರೇಸ್ ಹತ್ತಿ ನೋಡಿ. ಒಂದು ಉಲ್ಕೆ ಕಂಡ್ರೂ ಕಾಮೆಂಟಲ್ಲಿ ಹೇಳಿ!

#ಧೂಮಕೇತು #ಆಕಾಶದಇತಿಹಾಸ #ಕನ್ನಡದಲ್ಲಿವಿಜ್ಞಾನ