ಹಾಡಹಗಲಲ್ಲಿ ಓಡಾಡುವ ಡ್ರಾಕುಲಾ

ಬಿಸಿಲು ಬಿದ್ದರೆ ವ್ಯಾಂಪೈರ್ ಸತ್ತುಹೋಗುತ್ತೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಈಗ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯನ್ನು ತೆಗೆದು ನೋಡಿ. ಕೌಂಟ್ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ! ಹಗಲಲ್ಲಿ ಅವನ ಶಕ್ತಿ ಕುಂದುತ್ತೆ, ಅಷ್ಟೇ. ಕೊನೆಗೆ ಅವನು ಸಾಯೋದು ಚೂರಿಗಳಿಂದ. ಬಿಸಿಲಿಗೆ ಸಾಯುವ ನಿಯಮವನ್ನು ತಂದದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'. ಡ್ರಾಕುಲಾದ ಕಥೆಯನ್ನೇ ಅನುಮತಿ ಇಲ್ಲದೆ, ಹೆಸರು ಬದಲಿಸಿ ತೆಗೆದ ಚಿತ್ರ ಅದು. ಸ್ಟೋಕರನ ವಿಧವೆ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅಂತ 1925ರಲ್ಲಿ ತೀರ್ಪೂ ಬಂತು. ಆದರೆ ಕೆಲವು ಪ್ರತಿಗಳು ಉಳಿದುಕೊಂಡವು, ಜೊತೆಗೆ ಆ ನಿಯಮವೂ :-)

ನಾವು ತುಂಬಾ ಹಳೆಯದು ಅಂದುಕೊಂಡಿರುವ ರಾಕ್ಷಸರೆಲ್ಲ ಹೀಗೇ, ಆಗಾಗ ರಿಪೇರಿ ಆದವರು. ಪ್ರೋಗ್ರಾಮ್ ಬರೆಯುವವರಿಗೆ ಗೊತ್ತಿರುತ್ತೆ, ಹಳೇ ಕೋಡಿನಲ್ಲಿ ಒಂದು ಸಾಲು ಬದಲಿಸಿದರೆ ಎಲ್ಲೆಲ್ಲೋ ಪರಿಣಾಮ ಕಾಣುತ್ತೆ. ವ್ಯಾಂಪೈರ್ ಕಥೆಯಲ್ಲಿ ಒಂದು ನಿಯಮ ಬದಲಾದಾಗಲೆಲ್ಲ ಒಂದು ಪ್ರಶ್ನೆಗೆ ಉತ್ತರ ಬದಲಾಗಿದೆ: ನಾವು ಹೆದರಬೇಕಾದ್ದು ಯಾರಿಗೆ?

ಶುರುವಿನಲ್ಲಿ ಉತ್ತರ ಸರಳವಾಗಿತ್ತು: ಪಕ್ಕದ ಮನೆಯವನಿಗೆ. 1725ರಲ್ಲಿ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಸರ್ಬಿಯಾದ ಕಿಸಿಲೋವಾ ಎಂಬ ಹಳ್ಳಿಯಲ್ಲಿ ಎಂಟು ದಿನಗಳೊಳಗೆ 9 ಮಂದಿ ಸತ್ತರು. ಕೆಲವು ವಾರಗಳ ಹಿಂದೆ ತೀರಿಕೊಂಡಿದ್ದ ಪೀಟರ್ ಪ್ಲೊಗೊಯೊವಿಟ್ಸ್ ರಾತ್ರಿ ಬಂದು ಕತ್ತು ಹಿಸುಕಿದ ಅಂತ ಅವರು ಸಾಯುವ ಮುಂಚೆ ಹೇಳಿದರಂತೆ. ಹಳ್ಳಿಯವರು ಸಮಾಧಿ ಅಗೆಯಲು ಹೊರಟರು. ಬೆಲ್‌ಗ್ರೇಡಿನಿಂದ ಅನುಮತಿ ಬರಲಿ ಅಂತ ಅಧಿಕಾರಿ ಫ್ರೊಂಬಾಲ್ಡ್ ಹೇಳಿದ. ಅಷ್ಟರಲ್ಲಿ ಊರೇ ಖಾಲಿಯಾಗುತ್ತೆ, ನಾವು ಊರು ಬಿಟ್ಟು ಹೋಗ್ತೀವಿ ಅಂತ ಅವರು ಹೆದರಿಸಿದರು. ಬೇರೆ ದಾರಿ ಕಾಣದೆ ಅವನೂ ಜೊತೆಗೆ ಹೋದ. ಹೆಣ ತಾಜಾ ಇದ್ದ ಹಾಗಿತ್ತು, ಬಾಯಲ್ಲಿ ರಕ್ತ ಇತ್ತು. ಎದೆಗೆ ಗೂಟ ಹೊಡೆದು ಸುಟ್ಟುಹಾಕಿದರು.

ಕೊಳೆಯುವ ಹೆಣ ಉಬ್ಬುತ್ತೆ, ಬಾಯಿಯಿಂದ ಕೆಂಪು ದ್ರವ ಬರುತ್ತೆ, ಚರ್ಮ ಹಿಂದೆ ಸರಿದು ಉಗುರು ಬೆಳೆದಂತೆ ಕಾಣುತ್ತೆ ಅಂತ ಇವತ್ತು ನಮಗೆ ಗೊತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಕಾಯಿಲೆಗೆ ಕಾರಣ ಗೊತ್ತಿಲ್ಲದ ಊರು ಒಬ್ಬ ಮನುಷ್ಯನ ಹೆಸರನ್ನು ಹಿಡಿದುಕೊಂಡಿತ್ತು. ಇಂಥ ಘಟನೆಗಳು ಮುಂದುವರಿದಾಗ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್‌ನಿಂದ ವರದಿ ತರಿಸಿಕೊಂಡು, 1755ರಲ್ಲಿ ಹೀಗೆ ಹೆಣ ಅಗೆಯುವುದನ್ನು ನಿಷೇಧಿಸಿದಳು.

ಸಾಹಿತ್ಯಕ್ಕೆ ಬಂದ ಮೇಲೆ ಈ ಹಳ್ಳಿಗ ಹೆಣ ಶ್ರೀಮಂತನಾಗಿಬಿಟ್ಟ. ಕವಿ ಬೈರನ್‌ನ ಖಾಸಗಿ ವೈದ್ಯ ಜಾನ್ ಪಾಲಿಡೊರಿ ಬರೆದ 'ದಿ ವ್ಯಾಂಪೈರ್' 1819ರಲ್ಲಿ ಪ್ರಕಟವಾಯಿತು, ಅದೂ ಬೈರನ್ ಹೆಸರಿನಲ್ಲಿ! ಅದರ ಲಾರ್ಡ್ ರುತ್ವೆನ್ ಪಾರ್ಟಿಗಳಿಗೆ ಹೋಗುತ್ತಾನೆ, ಜನ ಅವನಿಗೆ ಮರುಳಾಗುತ್ತಾರೆ. ಈಗ ಹೆದರಬೇಕಾದ್ದು ದುಡ್ಡು, ಅಂತಸ್ತು ಇರುವವನಿಗೆ. ಸ್ಟೋಕರ್ ಅದೇ ಶ್ರೀಮಂತನನ್ನು ತನ್ನ ಕಾಲದ ಟೈಪ್‌ರೈಟರ್, ಫೋನೋಗ್ರಾಫ್, ರೈಲ್ವೆ ವೇಳಾಪಟ್ಟಿಗಳ ಮಧ್ಯೆ ತಂದು ನಿಲ್ಲಿಸಿದ. ಲೂಸಿಯನ್ನು ಉಳಿಸಲು ನಾಲ್ವರು ರಕ್ತ ಕೊಡುತ್ತಾರೆ. ರಕ್ತದ ಗುಂಪುಗಳ ವಿಷಯ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ ಅವನ್ನು ವಿವರಿಸಿದ್ದು 1901ರಲ್ಲಿ. ಇವತ್ತು ಓದುವಾಗ ಡ್ರಾಕುಲಾಗಿಂತ ಈ ಚಿಕಿತ್ಸೆಯೇ ಹೆಚ್ಚು ಭಯ ಹುಟ್ಟಿಸುತ್ತೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಬದಲಾವಣೆ 1954ರಲ್ಲಿ ಬಂದ ರಿಚರ್ಡ್ ಮ್ಯಾಥೆಸನ್‌ನ 'ಐ ಆಮ್ ಲೆಜೆಂಡ್'. (ಕಾದಂಬರಿ ಓದಬೇಕು ಅಂತಿರುವವರು ಈ ಪ್ಯಾರಾ ಬಿಟ್ಟುಬಿಡಿ.) ಇಲ್ಲಿ ವ್ಯಾಂಪೈರ್ ಆಗೋದು ಒಂದು ಬ್ಯಾಕ್ಟೀರಿಯಾದಿಂದ. ಉಳಿದ ಒಬ್ಬನೇ ಮನುಷ್ಯ ರಾಬರ್ಟ್ ನೆವಿಲ್ ಮೈಕ್ರೋಸ್ಕೋಪ್ ಹಿಡಿದು ಬೆಳ್ಳುಳ್ಳಿ, ಶಿಲುಬೆ ಎಲ್ಲವನ್ನೂ ಪರೀಕ್ಷಿಸುತ್ತಾನೆ. ಹಗಲಲ್ಲಿ ಮಲಗಿರುವವರನ್ನು ಹುಡುಕಿ ಗೂಟ ಹೊಡೆಯುತ್ತಾನೆ. ಆದರೆ ಅವರಲ್ಲಿ ಕೆಲವರು ಕಾಯಿಲೆಯ ಜೊತೆಗೇ ಬದುಕಲು ಕಲಿತು ಹೊಸ ಸಮಾಜ ಕಟ್ಟಿಕೊಳ್ಳುತ್ತಿದ್ದಾರೆ. ನಿದ್ದೆಯಲ್ಲಿದ್ದಾಗ ಬಂದು ಕೊಲ್ಲುವ ನೆವಿಲ್ ಅವರ ಪಾಲಿಗೆ ದೆವ್ವ. 1725ರಲ್ಲಿ ಗೂಟ ಹಿಡಿದ ಜನರ ಕಡೆಯಿಂದ ಶುರುವಾದ ಕಥೆಯನ್ನು ಮ್ಯಾಥೆಸನ್ ಗೂಟದ ಇನ್ನೊಂದು ತುದಿಯಿಂದ ನೋಡಿದ.

ಆನ್ ರೈಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1976ರ 'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್'ನಲ್ಲಿ ವ್ಯಾಂಪೈರ್ ಎದುರಿಗೇ ಟೇಪ್ ರೆಕಾರ್ಡರ್ ಇಟ್ಟರು. ಅದರಲ್ಲಿ ಕ್ಲೌಡಿಯಾ ಎಂಬ ಪುಟ್ಟ ಹುಡುಗಿ ವ್ಯಾಂಪೈರ್ ಆಗಿ, ಎಂದೂ ಬೆಳೆಯದೆ ಉಳಿದುಬಿಡುತ್ತಾಳೆ. 1972ರಲ್ಲಿ ರೈಸ್ ತಮ್ಮ ಪುಟ್ಟ ಮಗಳನ್ನು ಲ್ಯುಕೀಮಿಯಾದಿಂದ ಕಳೆದುಕೊಂಡಿದ್ದರು. ಅದು ಗೊತ್ತಾದ ಮೇಲೆ ಆ ಪುಟಗಳನ್ನು ದೆವ್ವದ ಕಥೆ ಅಂತ ಓದೋಕೆ ಆಗೋದೇ ಇಲ್ಲ.

ಅಂದರೆ ದೆವ್ವದ ಬಾಯಲ್ಲಿ ಮಾತು ಆಡಿಸೋದು ಹೊಸ ಉಪಾಯವೇ? 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದ, ಹೆಸರು 'ವಿಕ್ರಮ್ ಅಂಡ್ ದಿ ವ್ಯಾಂಪೈರ್'. ಹೌದು, ನಮ್ಮ ಬೇತಾಳನೇ! ಚಂದಮಾಮದಲ್ಲಿ ಅವನನ್ನು ಓದಿದವರಿಗೆ ಗೊತ್ತು, ಅವನು ರಕ್ತ ಕೇಳೋನಲ್ಲ, ಉತ್ತರ ಕೇಳೋನು. 11ನೇ ಶತಮಾನದಲ್ಲಿ ಸೋಮದೇವ ಬರೆದ 'ಕಥಾಸರಿತ್ಸಾಗರ'ದಲ್ಲೂ ಈ ಕಥೆಗಳಿವೆ. ಅಲ್ಲಿ ಕೊನೆಗೆ ರಾಜನನ್ನು ಬಲಿ ಕೊಡಲು ಹೊಂಚು ಹಾಕಿದವನು ಅವನನ್ನು ಸ್ಮಶಾನಕ್ಕೆ ಕಳಿಸಿದ ಸನ್ಯಾಸಿಯೇ. ಅದನ್ನು ಹೇಳಿ ರಾಜನ ಜೀವ ಉಳಿಸೋದು ಹೆಗಲ ಮೇಲಿನ ಹೆಣದೊಳಗಿನ ಬೇತಾಳ.

ಹೆದರಬೇಕಾದ್ದು ಯಾರಿಗೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಹೊಸ ಉತ್ತರ ನನಗಂತೂ ಇನ್ನೂ ಸಿಕ್ಕಿಲ್ಲ.