"ಮುಂದಿನ ತಿಂಗಳೂ ಬರ್ತೀರೇನು?"

ಭಾಗ 1/6

ಹೋದ ತಿಂಗಳು ಒಂದು ಚರ್ಚ್ ಆಸ್ಪತ್ರೆಯವರ ಹೆಲ್ತ್ ಕ್ಯಾಂಪ್‌ಗೆ ವಾಲಂಟಿಯರ್ ಆಗಿ ಹೋಗಿದ್ದೆ. ಸ್ಟೋರಿ ಹಾಕಿದ್ದೆ, ನೋಡಿರ್ತೀರಿ. ಬಿಕಾಂ ಓದೋಳಿಗೆ ಅಲ್ಲೇನು ಕೆಲಸ ಅಂತೀರಾ? ಚೀಟಿ ಬರೆಯೋದು. ಹೆಸರು, ವಯಸ್ಸು, ಏನು ತ್ರಾಸು.

ಮಧ್ಯಾಹ್ನ ಒಬ್ಬ ಅಜ್ಜಿ ಬಿಪಿ ಗುಳಿಗೆ ಸೆರಗಿಗೆ ಕಟ್ಕೊಂಡು ನನ್ನ ಟೇಬಲ್‌ಗೇ ವಾಪಸ್ ಬಂದ್ರು. "ಹದಿನೈದು ದಿನದ್ದು ಕೊಟ್ಟಾರವಾ. ಆಮೇಲೆ? ಮುಂದಿನ ತಿಂಗಳೂ ಬರ್ತೀರೇನು?"

"ಬರ್ತೀವಿ ಅಜ್ಜಿ" ಅಂದುಬಿಟ್ಟೆ. ಬರೋ ಪ್ಲ್ಯಾನ್ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆ ಸುಳ್ಳು ಕಾಡ್ತಾ ಇತ್ತು. ಹಿಂದೆ ಹೀಗೆ ಹೋದವರು ಏನು ಮಾಡಿದ್ರು ಅಂತ ಓದೋಕೆ ಕೂತೆ. ಸಿಕ್ಕಿದ್ದು ಲ್ಯಾಬ್ರಡಾರ್ ಕಥೆ. ನಾಯಿ ಅಲ್ಲ, ಪ್ರದೇಶ. ಆದ್ರೆ ನಾಯಿಗಳೂ ಬರ್ತವೆ, ತಾಳಿ.

ಭಾಗ 2/6

ಲ್ಯಾಬ್ರಡಾರ್ ಇರೋದು ಇವತ್ತಿನ ಕೆನಡಾದ ಈಶಾನ್ಯ ಕರಾವಳಿಯಲ್ಲಿ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟೋ ಜಾಗ. ಅಲ್ಲಿ ಇನ್ಯುಯಿಟ್ ಮತ್ತು ಇನ್ನು ಮೂಲನಿವಾಸಿಗಳಿದ್ರು, ಯುರೋಪಿನಿಂದ ಬಂದು ನೆಲೆಸಿದ ಬಡ ಬೆಸ್ತರಿದ್ರು. ಬೇಸಿಗೆಯಲ್ಲಿ ಕಾಡ್ ಮೀನು ಹಿಡಿಯೋಕೆ ಇನ್ನೂ ಸಾವಿರಾರು ಜನ ಬರ್ತಿದ್ರು. ಡಾಕ್ಟರು ಮಾತ್ರ ಅಪರೂಪ.

1892ರಲ್ಲಿ ವಿಲ್ಫ್ರೆಡ್ ಗ್ರೆನ್‌ಫೆಲ್ ಅನ್ನೋ 27 ವರ್ಷದ ಇಂಗ್ಲಿಷ್ ಡಾಕ್ಟರು, ಬೆಸ್ತರಿಗಾಗಿ ಇದ್ದ ಒಂದು ಕ್ರೈಸ್ತ ಮಿಷನ್‌ನ ಹಡಗಿನಲ್ಲಿ ಅಲ್ಲಿಗೆ ಬಂದ. ಹಡಗಿನ ಹೆಸರು 'ಆಲ್ಬರ್ಟ್'. ಅದೂ ಒಂದೇ ಬೇಸಿಗೆಯ ಟ್ರಿಪ್, ನಮ್ಮ ಕ್ಯಾಂಪ್ ಥರಾನೇ. ಒಂದು ಸಂಜೆ ಹರಕು ಬಟ್ಟೆಯವನೊಬ್ಬ ಮುರುಕಲು ದೋಣಿಯಲ್ಲಿ ಬಂದು, ನೀವು ನಿಜವಾದ ಡಾಕ್ಟರಾ ಅಂತ ಕೇಳಿದ. ದಂಡೆಯ ಗುಡಿಸಲಲ್ಲಿ ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡ್ತಿದ್ದ. ಸುತ್ತ ಸಣ್ಣ ಸಣ್ಣ ಮಕ್ಕಳು. ಗ್ರೆನ್‌ಫೆಲ್ ಔಷಧಿ ಕೊಟ್ಟ, ಹೊರಟ. ಹಡಗು ಮುಂದೆ ಹೋಗಲೇಬೇಕಿತ್ತು. ಸುಮಾರು ಎರಡು ತಿಂಗಳ ನಂತರ ವಾಪಸ್ ಬಂದಾಗ ಆತ ಸತ್ತಿದ್ದ.

ಇಲ್ಲಿ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆದ್ರೆ ಆತ ಮರುವರ್ಷವೂ ಬಂದ. 1893ರಲ್ಲಿ ಬ್ಯಾಟಲ್ ಹಾರ್ಬರ್‌ನಲ್ಲಿ ಆಸ್ಪತ್ರೆ ಶುರುವಾಯ್ತು. ಆಮೇಲೆ ಇನ್ನಷ್ಟು ಆಸ್ಪತ್ರೆಗಳು, ನರ್ಸ್‌ಗಳು, ಆಸ್ಪತ್ರೆ ಹಡಗು.

ಭಾಗ 3/6

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ, ಕಾಮರ್ಸ್‌ನವರು ಗಮನ ಕೊಡಿ.

ರೋಗ ಏನೇನಿತ್ತು? ಕ್ಷಯ, ಮತ್ತೆ ಬಿಳಿ ಹಿಟ್ಟು-ಚಹಾ ಮೇಲೇ ದಿನ ದೂಡೋರಿಗೆ ಬರೋ ಬೆರಿಬೆರಿ. ಯಾಕೆ ಬಂತು? ಉತ್ತರ ಅಂಗಡಿಯ ಉದ್ರಿ ಪುಸ್ತಕದಲ್ಲಿತ್ತು.

ಸೀಸನ್ ಶುರುವಿನಲ್ಲಿ ವ್ಯಾಪಾರಿ ಉಪ್ಪು, ಬಲೆ, ಹಿಟ್ಟು ಎಲ್ಲ ಉದ್ರಿ ಕೊಡ್ತಿದ್ದ. ಕೊನೆಗೆ ಹಿಡಿದ ಮೀನೆಲ್ಲ ಅವನಿಗೇ. ಸಾಮಾನಿನ ರೇಟೂ ಅವನದ್ದೇ, ಮೀನಿನ ರೇಟೂ ಅವನದ್ದೇ. ಬೆಸ್ತನ ಕೈಗೆ ನಗದು ಬರ್ತಾನೇ ಇರಲಿಲ್ಲ, ಬಾಕಿ ಮಾತ್ರ ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್. ಇದಕ್ಕೆ 'ಟ್ರಕ್ ಸಿಸ್ಟಮ್' ಅಂತಾರೆ, ಲಾರಿಗೂ ಇದಕ್ಕೂ ಸಂಬಂಧ ಇಲ್ಲ.

ಮಾತ್ರೆ ಕೊಟ್ಟು ಅದೇ ಹಸಿವಿಗೆ ವಾಪಸ್ ಕಳಿಸಿದ್ರೆ ಏನು ಬಂತು? ಅದಕ್ಕೇ 1896ರಲ್ಲಿ ರೆಡ್ ಬೇ ಊರಿನ ಜನರ ಜೊತೆ ಸೇರಿ ಸಹಕಾರಿ ಅಂಗಡಿ ಶುರುಮಾಡಿಸಿದ. ನಮ್ಮ ಗದಗ ಹತ್ರದ ಕಣಗಿನಹಾಳದ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಎರಡು ಊರಿಗೂ ಒಂದಕ್ಕೊಂದು ಗೊತ್ತೇ ಇಲ್ಲ, ಸಾಲದ ಕಾಟ ಮಾತ್ರ ಒಂದೇ! ಲ್ಯಾಬ್ರಡಾರ್ ಕಡೆಯ ಎಲ್ಲ ಸಂಘಗಳೂ ಉಳಿಯಲಿಲ್ಲ, ಕೆಲವು ನಷ್ಟದಲ್ಲಿ ಮುಚ್ಚಿದ್ವು. ಆದ್ರೆ ಒಬ್ಬ ಡಾಕ್ಟರು ಲೆಡ್ಜರ್ ತೆಗೆದು ರೋಗ ಹುಡುಕಿದ್ದು ನನಗೆ ತುಂಬಾ ಹಿಡಿಸ್ತು.

ಭಾಗ 4/6

ನಾಯಿಗಳ ಕಥೆ. 1908ರ ಈಸ್ಟರ್. ಒಬ್ಬ ರೋಗಿಯ ಹತ್ರ ಹೋಗೋಕೆ ನಾಯಿಗಾಡಿ ಕಟ್ಟಿ ಹೆಪ್ಪುಗಟ್ಟಿದ ಕೊಲ್ಲಿ ದಾಟ್ತಿದ್ದಾಗ ಹಿಮ ಒಡೀತು. ಗ್ರೆನ್‌ಫೆಲ್ ಒಂದು ತುಂಡು ಹಿಮದ ಮೇಲೆ ಸಮುದ್ರದ ಕಡೆ ತೇಲಿಹೋದ. ರಾತ್ರಿ ಚಳಿಗೆ ಸಾಯಬಾರದು ಅಂತ ತನ್ನ ಮೂರು ನಾಯಿಗಳನ್ನು ಕೊಂದು ಅವುಗಳ ಚರ್ಮ ಹೊದ್ದುಕೊಂಡ. ಮರುದಿನ ಊರಿನ ಬೆಸ್ತರೇ ಜೀವ ಪಣಕ್ಕಿಟ್ಟು ದೋಣಿಯಲ್ಲಿ ಬಂದು ಕಾಪಾಡಿದ್ರು. ಮೂಡಿ, ವಾಚ್, ಸ್ಪೈ: ಆ ನಾಯಿಗಳ ಹೆಸರಲ್ಲಿ ಒಂದು ಫಲಕ ಹಾಕಿಸಿದ.

ಈ ಕಥೆ ಆತನನ್ನ ಇನ್ನಷ್ಟು ಫೇಮಸ್ ಮಾಡ್ತು. ಯೇಲ್, ಹಾರ್ವರ್ಡ್ ಥರದ ಕಾಲೇಜುಗಳಿಂದ ನಮ್ಮ ವಯಸ್ಸಿನ ಹುಡುಗರು ಬೇಸಿಗೆ ರಜೆಗೆ ಬರ್ತಿದ್ರು. ಸಂಬಳ ಇಲ್ಲ. ಗುಂಡಿ ತೋಡೋದು, ಕಟ್ಟಿಗೆ ಹೊರೋದು, ಕಟ್ಟಡ ಕಟ್ಟೋದು. ಒಳ್ಳೆ ಮಕ್ಕಳು, ಅದರಲ್ಲಿ ಅನುಮಾನ ಇಲ್ಲ.

ಭಾಗ 5/6

ಇಲ್ಲಿಗೇ ಮುಗಿಸಿದ್ರೆ ಚೆಂದದ ಪೋಸ್ಟ್ ಆಗ್ತಿತ್ತು. ಆದ್ರೆ ಖಾತೆಗೆ ಎರಡು ಬದಿ ಇರುತ್ತೆ ಅಂತ ನಮಗೆ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ಟಿದ್ದಾರೆ.

ಅದೇ ಕರಾವಳಿಯ ಉತ್ತರದಲ್ಲಿ ಮೊರೇವಿಯನ್ ಅನ್ನೋ ಇನ್ನೊಂದು ಚರ್ಚಿನವರು 1771ರಿಂದಲೂ ಇದ್ರು. 1918ರಲ್ಲಿ ಅವರ 'ಹಾರ್ಮನಿ' ಹಡಗು ಎಂದಿನಂತೆ ಸಾಮಾನು ತಂತು, ಜೊತೆಗೆ ಇನ್‌ಫ್ಲುಯೆಂಜಾನೂ ತಂತು. ಓಕಾಕ್ ಊರಿನ ಸುಮಾರು 260 ಇನ್ಯುಯಿಟ್ ಜನರಲ್ಲಿ 200ಕ್ಕೂ ಹೆಚ್ಚು ಮಂದಿ ತೀರಿಹೋದ್ರು. ಊರೇ ಖಾಲಿ ಆಯ್ತು. ಯಾರೂ ಬೇಕಂತ ಮಾಡಿದ್ದಲ್ಲ. ಆದ್ರೂ ಬಂದಿದ್ದು ಸಹಾಯ ತರೋ ಹಡಗಿನಲ್ಲೇ.

ಇನ್ನೊಂದು. ನಾರ್ತ್ ವೆಸ್ಟ್ ರಿವರ್‌ನಲ್ಲಿ ಯೇಲ್ ಹುಡುಗರು ಕಟ್ಟೋಕೆ ಕೈ ಹಾಕಿದ ಶಾಲೆಗೆ 'ಯೇಲ್ ಸ್ಕೂಲ್' ಅಂತಾನೇ ಹೆಸರು. ದೂರದ ಊರುಗಳ ಮಕ್ಕಳನ್ನ ಮನೆಯಿಂದ ಬಿಡಿಸಿ ಇಂಥ ಕಡೆ ಇಡ್ತಿದ್ರು. ಎಷ್ಟೋ ಮಕ್ಕಳು ತಮ್ಮ ಭಾಷೆ ಕಳ್ಕೊಂಡ್ರು, ಕೆಲವರು ದೌರ್ಜನ್ಯ ಅನುಭವಿಸಿದ್ರು. 2017ರ ನವೆಂಬರ್‌ನಲ್ಲಿ ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೋ ಲ್ಯಾಬ್ರಡಾರ್‌ಗೇ ಬಂದು ಆ ಮಕ್ಕಳ ಮುಂದೆ ಕ್ಷಮೆ ಕೇಳಿದ್ರು. ಅಷ್ಟೊತ್ತಿಗೆ ಅವರಿಗೆಲ್ಲ ವಯಸ್ಸಾಗಿತ್ತು. ಕಟ್ಟೋಕೆ ಬಂದ ಹುಡುಗರು ಸೆಪ್ಟೆಂಬರ್‌ಗೆ ಕಾಲೇಜಿಗೆ ವಾಪಸ್ ಹೋಗಿದ್ರು. ಕಟ್ಟಡ ಉಳೀತು, ಒಳಗೆ ಏನಾಯ್ತು ಅಂತ ಕೇಳೋಕೆ ಅವರು ಇರಲಿಲ್ಲ.

ಭಾಗ 6/6

ಹಾಗಾದ್ರೆ ಹೋಗಲೇಬಾರದಾ? ನಾನು ಹಾಗೆ ಹೇಳಲ್ಲ. ಆ ಆಸ್ಪತ್ರೆಗಳಿಲ್ಲದಿದ್ರೆ ಎಷ್ಟು ಜನ ಸಾಯ್ತಿದ್ರೋ. 1981ರಲ್ಲಿ ಗ್ರೆನ್‌ಫೆಲ್ ಸಂಸ್ಥೆ ಅವನ್ನೆಲ್ಲ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಒಪ್ಪಿಸಿಬಿಡ್ತು. ನನಗೆ ಅತಿ ದೊಡ್ಡ ಕೆಲಸ ಅನಿಸಿದ್ದು ಅದೇ. ನಾವಿಲ್ಲದೆಯೂ ನಡೆಯೋ ಹಾಗೆ ಮಾಡಿ ಪಕ್ಕಕ್ಕೆ ಸರಿಯೋದು.

ನಾನೇನು ಮಾಡಿದೆ? ಕ್ಯಾಂಪ್ ನಡೆಸಿದವರನ್ನ ಕೇಳಿ, ಮತ್ತೆ ಮತ್ತೆ ಮಾತ್ರೆ ಬೇಕಾಗೋರ ಒಂದು ಪಟ್ಟಿ ಮಾಡಿದೆ. ಆ ಊರಿನ ಆಶಾ ಅಕ್ಕನ ಕೈಗೆ ಕೊಟ್ಟು ಬಂದೆ. ಪಕ್ಕದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಗುಳಿಗೆ ಪುಕ್ಕಟೆ ಸಿಗುತ್ತೆ, ಅಜ್ಜಿಗೆ ಅದನ್ನ ಯಾರೂ ಹೇಳಿರಲಿಲ್ಲ ಅಷ್ಟೇ. ನಾನೂ ಹೇಳಿರಲಿಲ್ಲ.

ಅಜ್ಜಿ ಅಲ್ಲಿಗೆ ಹೋದ್ರೋ ಇಲ್ವೋ ಇನ್ನೂ ಗೊತ್ತಾಗಿಲ್ಲ. ಈ ಭಾನುವಾರ ಬಸ್ ಹತ್ತಿ ಹೋಗಿ ಕೇಳ್ಕೊಂಡು ಬರ್ತೀನಿ. "ಬರ್ತೀವಿ" ಅಂದಿದ್ದೀನಲ್ಲ.

ನೀವು ಮುಂದಿನ ಸಲ ಕ್ಯಾಂಪ್‌ಗೆ ಹೋಗೋ ಮುಂಚೆ ಒಂದು ಪ್ರಶ್ನೆ ಕೇಳಿ: ನಾವು ಹೋದ ಮೇಲೆ ಇವರನ್ನ ನೋಡೋರು ಯಾರು? ಉತ್ತರ ಗೊತ್ತಿದ್ರೆ ಕಮೆಂಟ್‌ನಲ್ಲಿ ಬರೀರಿ, ನಾನೂ ಕಲೀತೀನಿ.

#ಇತಿಹಾಸದಪುಟ #ಲ್ಯಾಬ್ರಡಾರ್ #ಬಿಕಾಂಹುಡುಗಿ #ಕನ್ನಡದಲ್ಲಿಓದಿ