ಅಡಿಕೆ ತೋಟದಿಂದ ಸುಪ್ರೀಂ ಕೋರ್ಟಿಗೆ: ಕೇರಳದ ಕಮ್ಯುನಿಸ್ಟ್ ಸರ್ಕಾರ ಮತ್ತು ಕಾಸರಗೋಡಿನ ಭೂಮಿ

ಇ.ಎಂ.ಎಸ್. ನಂಬೂದಿರಿಪಾಡರು 1957ರ ಏಪ್ರಿಲ್ 5ರಂದು ಕೇರಳದ ಮುಖ್ಯಮಂತ್ರಿಯಾದರು. ಅವರನ್ನು ಗೆಲ್ಲಿಸಿದ್ದ ನೀಲೇಶ್ವರ ಹಿಂದಿನ ವರ್ಷದವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಊರು. 1956ರ ನವೆಂಬರ್ 1ರಂದು ಅದನ್ನೊಳಗೊಂಡ ಕಾಸರಗೋಡು ಕೇರಳದ ಪಾಲಾಗಿತ್ತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ಕಯ್ಯೂರು ಇರುವುದೂ ಈ ಸೀಮೆಯಲ್ಲೇ, ಅಲ್ಲಿನ ನಾಲ್ವರು ರೈತ ಹೋರಾಟಗಾರರನ್ನು 1943ರಲ್ಲಿ ಗಲ್ಲಿಗೇರಿಸಲಾಗಿತ್ತು.

126 ಸ್ಥಾನಗಳ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷದ 60 ಶಾಸಕರು, ಜೊತೆಗೆ ಐವರು ಪಕ್ಷೇತರರು. ಇಷ್ಟು ತೆಳುವಾದ ಬಹುಮತದ ಸರ್ಕಾರ ಗೇಣಿದಾರರನ್ನು ಒಕ್ಕಲೆಬ್ಬಿಸುವುದಕ್ಕೆ ವಾರದೊಳಗೆ ಸುಗ್ರೀವಾಜ್ಞೆಯ ಮೂಲಕ ತಡೆ ಹಾಕಿತು. ಅಕ್ಕಿಗೆ ಹೊರ ರಾಜ್ಯಗಳನ್ನು ನೆಚ್ಚಬೇಕಾದ ನಾಡು ಅದು. ಆಂಧ್ರದಿಂದ ಅಕ್ಕಿ ತರಿಸಿದ್ದೇ ವಿವಾದವಾಯಿತು. ಶಿಕ್ಷಣ ಮಸೂದೆ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಯಿತು. ಚರ್ಚು, ನಾಯರ್ ಸಂಘಟನೆ, ಕಾಂಗ್ರೆಸ್ ಒಂದಾಗಿ ‘ವಿಮೋಚನಾ ಸಮರ’ ಹೂಡಿದವು. 1959ರ ಜುಲೈ 31ರಂದು ಕೇಂದ್ರ ಸರ್ಕಾರ ಸಂಪುಟವನ್ನು ವಜಾ ಮಾಡಿತು.

ಚರಿತ್ರೆಕಾರರು ಸಾಮಾನ್ಯವಾಗಿ ಈ ವಜಾದ ಬಳಿ ನಿಂತುಬಿಡುತ್ತಾರೆ. ಆದರೆ ಭೂಸುಧಾರಣೆಗೆ ಬಿದ್ದ ಗಟ್ಟಿ ಪೆಟ್ಟನ್ನು ಹುಡುಕಬೇಕಾದುದು ಕಾಸರಗೋಡಿನ ತೋಟಗಳಲ್ಲಿ. 1959ರ ಜೂನ್‌ನಲ್ಲಿ ಅಂಗೀಕಾರವಾದ ಕೃಷಿ ಸಂಬಂಧ ಮಸೂದೆ ರಾಷ್ಟ್ರಪತಿಗಳಿಂದ ಮರಳಿ ಬಂದು, ಮುಂದಿನ ಸರ್ಕಾರದ ಕೈಯಲ್ಲಿ ತಿದ್ದುಪಡಿಗೊಂಡು 1961ರಲ್ಲಿ ಕಾಯ್ದೆಯಾಯಿತು. ಮಲಬಾರಿನ ಜನ್ಮಿ (ಜಮೀನ್ದಾರಿ) ಪದ್ಧತಿಯೇ ಅದರ ಮುಖ್ಯ ಗುರಿ. ಆದರೆ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ)ಗಳ ಕಾಸರಗೋಡು ಸೀಮೆಯಲ್ಲಿದ್ದುದು ರೈತವಾರಿ ಪಟ್ಟಾ, ಅಂದರೆ ಹಿಡುವಳಿದಾರ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಪದ್ಧತಿ. ಹೊಸದುರ್ಗ, ಕಾಸರಗೋಡು ತಾಲೂಕುಗಳ ಹಿಡುವಳಿದಾರರು ಕೇಳಿದ ಪ್ರಶ್ನೆ ನೇರವಾಗಿತ್ತು: ಚಹಾ, ಕಾಫಿ, ರಬ್ಬರಿಗೆ ವಿನಾಯಿತಿ ಉಂಟು, ಅಡಿಕೆ, ಮೆಣಸಿನ ಬಳ್ಳಿಗೆ ಏಕಿಲ್ಲ? 1961ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಇದನ್ನು ತಾರತಮ್ಯವೆಂದು ಒಪ್ಪಿತು. ಭೂಸುಧಾರಣಾ ಕಾನೂನುಗಳಿಗೆ ಸಂವಿಧಾನದ 31ಎ ವಿಧಿ ಕೊಡುವ ರಕ್ಷಣೆ ರೈತವಾರಿ ಭೂಮಿಯ ವಿಷಯದಲ್ಲಿ ಸಲ್ಲದೆಂದು ಹೇಳಿ, ಅಂಥ ಜಮೀನುಗಳ ಮಟ್ಟಿಗೆ ಕಾಯ್ದೆಯನ್ನು ರದ್ದುಮಾಡಿತು. ತೋಟದವರ ವಾದದಲ್ಲಿ ತಿರುಳಿತ್ತು. ಅದರ ಬೆಲೆ ತೆತ್ತವರು ಮಾತ್ರ ಗೇಣಿ ಒಕ್ಕಲುಗಳು. ರೈತವಾರಿ ಭೂಮಿಯನ್ನೂ ಆ ರಕ್ಷಣೆಯೊಳಗೆ ತರಲು ಸಂಸತ್ತು 1964ರಲ್ಲಿ 17ನೇ ತಿದ್ದುಪಡಿ ಮಾಡಬೇಕಾಯಿತು.

1967ರಲ್ಲಿ ಇ.ಎಂ.ಎಸ್. ಮತ್ತೆ ಅಧಿಕಾರಕ್ಕೆ ಬಂದರು. ಅವರ ಕಾಲದಲ್ಲಿ ಅಂಗೀಕಾರವಾದ 1969ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1970ರ ಜನವರಿ 1ರಂದು, ಸಿಪಿಐನ ಸಿ. ಅಚ್ಯುತ ಮೆನನ್ ಮುಖ್ಯಮಂತ್ರಿಯಾಗಿದ್ದಾಗ. ಆ ಮಾರ್ಚ್‌ನಲ್ಲಿ, ಕಾಸರಗೋಡಿನ ಬಳಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಈ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ಸಿದ್ಧಾಂತವನ್ನು ಸ್ಥಾಪಿಸಿತು. ಕಾನೂನಿನ ತರಗತಿಗಳಲ್ಲಿ ಮಠದ ಹೆಸರು ಉಳಿದದ್ದು ಇದರಿಂದ. ಅದೇ ತೀರ್ಪು, ಕೇರಳದ ಭೂಸುಧಾರಣಾ ತಿದ್ದುಪಡಿಗಳನ್ನು ಕಾನೂನುಗಳಿಗೆ ರಕ್ಷಣೆ ಕೊಡುವ ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿದ್ದ 29ನೇ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗೇಣಿದಾರರಿಗೆ ಭೂಮಿ ಕೊಡುವ ಕಾಯ್ದೆ ಉಳಿಯಿತು.